ಹೆಲಿಕಾಪ್ಟರ್ ಕಂಪನಿಯ ಖಾಲಿ ರಿಜಿಸ್ಟರ್

ಹೆಲಿಕಾಪ್ಟರ್ ಕಂಪನಿಗಳ ಸುರಕ್ಷತಾ ಆಡಿಟ್‌ನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಒಂದು ಮಾತಿದೆ: “ಸರ್, ಈ ವರ್ಷ ನಮ್ಮಲ್ಲಿ ಒಂದೂ ರಿಪೋರ್ಟ್ ಇಲ್ಲ.” ಹೇಳುವವರ ಮುಖದಲ್ಲಿ ನಿಜವಾದ ಸಂತೋಷ ಇರುತ್ತದೆ. ಅಪಾಯ, ಎಡವಟ್ಟುಗಳ ವರದಿ ದಾಖಲಿಸುವ ರಿಜಿಸ್ಟರ್ ತೆರೆದರೆ ಜನವರಿಯಿಂದ ಡಿಸೆಂಬರ್‌ವರೆಗೆ ‘ಇಲ್ಲ’, ‘ಇಲ್ಲ’, ‘ಇಲ್ಲ’. ಒಂದೇ ಪೆನ್ನು, ಒಂದೇ ಕೈಬರಹ.

ಮೂರು ಹೆಲಿಕಾಪ್ಟರ್ ಇರುವ ಸಣ್ಣ ಕಂಪನಿಯಲ್ಲೂ ವರ್ಷಕ್ಕೆ ಸಾವಿರಾರು ಲ್ಯಾಂಡಿಂಗ್ ಆಗುತ್ತವೆ. ಅಷ್ಟರಲ್ಲಿ ಒಂದು ಹಕ್ಕಿಯೂ ಅಡ್ಡ ಬರಲಿಲ್ಲವೇ? ಎಂಜಿನ್ ಮುಚ್ಚಳದ ಒಂದು ಚಿಲಕ (ಕೌಲಿಂಗ್ ಲ್ಯಾಚ್) ಕೂಡ ಸರಿಯಾಗಿ ಕೂರದೆ ಉಳಿಯಲಿಲ್ಲವೇ? ಇಳಿದ ಒಬ್ಬ ಪ್ರಯಾಣಿಕರೂ ಮೊಬೈಲ್ ಹಿಡಿದು ಬಾಲದ ತುದಿಯಲ್ಲಿ ತಿರುಗುವ ಟೇಲ್ ರೋಟರ್ ಕಡೆಗೆ ನಡೆಯಲಿಲ್ಲವೇ? ಇವೆಲ್ಲ ಆಗಿರುತ್ತವೆ, ಯಾರೂ ಬರೆದಿರುವುದಿಲ್ಲ. ಆ ರಿಜಿಸ್ಟರ್ ಹೇಳುವುದು ಒಂದೇ: ಇಲ್ಲಿ ನಡೆಯುವುದು ಮಾಲೀಕರವರೆಗೆ ತಲುಪುತ್ತಿಲ್ಲ.

ಎಸ್‌ಎಂಎಸ್ (ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸುರಕ್ಷತಾ ನಿರ್ವಹಣಾ ವ್ಯವಸ್ಥೆ) ಎಂದರೇನು, ಅದರ ನಾಲ್ಕು ಕಂಬಗಳು ಯಾವುವು ಎಂದು ವಿವರಿಸಲು ಹೋಗುವುದಿಲ್ಲ. ಅದರ ನಿಯಮಗಳಿರುವ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅನೆಕ್ಸ್ 19 ಜಾರಿಗೆ ಬಂದದ್ದು 2013ರ ನವೆಂಬರ್‌ನಲ್ಲಿ. ಅಂದಿನಿಂದ ಎಲ್ಲರ ಕಪಾಟಿನಲ್ಲೂ ಕೈಪಿಡಿ ಇದೆ. ನಮಗೆ ಬೇಕಾದದ್ದು ಆ ಕೈಪಿಡಿ ಮತ್ತು ಹ್ಯಾಂಗರ್ ನಡುವಿನ ದಾರಿ. ಆ ದಾರಿ ವರದಿಯಿಂದಲೇ ಶುರುವಾಗುತ್ತದೆ.

ಎಲ್ಲರೂ ವಿಡಿಯೊ ನೋಡಿದ ಒಂದು ಘಟನೆ ತೆಗೆದುಕೊಳ್ಳೋಣ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿದ್ದ ಹೆಲಿಕಾಪ್ಟರ್ ಇಳಿಯುವಾಗ ಸುತ್ತಲಿದ್ದ ಪ್ಲಾಸ್ಟಿಕ್ ಹಾಳೆಗಳು ಗಾಳಿಗೆ ಮೇಲೆದ್ದವು. ಪೈಲಟ್ ಇಳಿಸುವುದನ್ನು ಕೈಬಿಟ್ಟು ಹೆಲಿಕಾಪ್ಟರನ್ನು ಮೇಲಕ್ಕೆತ್ತಿದರು. ಜಾಗ ಶುಚಿಯಾದ ಮೇಲೆ ಇಳಿಸಿದರು. ಮಾಡಬೇಕಾದ್ದನ್ನೇ ಮಾಡಿದರು, ಅವರಿಗೆ ನಮಸ್ಕಾರ.

ಹಾಳೆ ಏಕೆ ಅಪಾಯ ಎಂಬುದು ನೆಲದ ಮೇಲಿರುವವರಿಗೆ ಥಟ್ಟನೆ ಹೊಳೆಯುವುದಿಲ್ಲ. ರೋಟರ್ ಗಾಳಿ ಕೆಳಕ್ಕೆ ತಳ್ಳುತ್ತದೆ, ಹಾಗಾಗಿ ಹಗುರ ವಸ್ತು ದೂರಕ್ಕೆ ಹಾರಿಹೋಗುತ್ತದೆ ಎಂದುಕೊಳ್ಳುತ್ತಾರೆ. ನೆಲಕ್ಕೆ ಬಡಿದ ಗಾಳಿ ಹೊರಕ್ಕೆ ಹರಡಿ, ಮೇಲೆದ್ದು, ಸುರುಳಿ ಸುತ್ತಿ ಮತ್ತೆ ರೋಟರ್ ಮೇಲಿನಿಂದ ಒಳಕ್ಕೆ ಬರುತ್ತದೆ. ಅದರ ಜೊತೆ ಹಾಳೆಯೂ ಬರುತ್ತದೆ. ಎಂಜಿನ್ನಿನ ಗಾಳಿ ಬಾಯಿಗೆ ಅಂಟಿದರೆ ಶಕ್ತಿ ಕುಸಿಯುತ್ತದೆ. ಟೇಲ್ ರೋಟರ್‌ಗೆ ಸುತ್ತಿಕೊಂಡರೆ ದಿಕ್ಕಿನ ಹಿಡಿತವೇ ಹೋಗುತ್ತದೆ. ನೆಲಕ್ಕೆ ಹತ್ತಿರ, ವೇಗವೇ ಇಲ್ಲದ ಹೊತ್ತಿನಲ್ಲಿ ಹೀಗಾದರೆ ಪೈಲಟ್‌ಗೆ ಉಳಿಯುವುದು ಎರಡು ಮೂರು ಸೆಕೆಂಡು.

ಇಂಥದ್ದೊಂದು ನಡೆದ ಸಂಜೆ ಕಂಪನಿಯೊಳಗೆ ಏನಾಗಬೇಕು? ಹೆಲಿಪ್ಯಾಡ್ ಸಿದ್ಧಪಡಿಸಿದ ಲೋಕೋಪಯೋಗಿ ಇಲಾಖೆಯವರನ್ನು ಬೈಯುವುದರಿಂದ ಏನೂ ಹುಟ್ಟುವುದಿಲ್ಲ. ಪೈಲಟ್ ಐದು ಸಾಲು ಬರೆಯಬೇಕು. ಆ ಐದು ಸಾಲಿನಿಂದ ಮುಂದಿನ ಊರಿನ ಹೆಲಿಪ್ಯಾಡ್‌ಗೆ ಹೋಗುವ ಪಟ್ಟಿ ಬದಲಾಗಬೇಕು. ‘ಜಾಗ ಶುಚಿಯಾಗಿರಲಿ’ ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಬೇಕು: ಇಳಿಯುವ ಗುರುತಿನಿಂದ ನೂರು ಮೀಟರ್ ಒಳಗೆ ಪ್ಲಾಸ್ಟಿಕ್ ಹಾಳೆ, ಚೀಲ, ಶಾಮಿಯಾನ ಬಟ್ಟೆ, ಖಾಲಿ ಬಾಟಲಿ, ಬಿಡಿ ಬ್ಯಾನರ್, ಕಾರ್ಪೆಟ್ ಇರಬಾರದು. ಕೆಂಪು ಮಣ್ಣಿನ ಮೈದಾನಕ್ಕೆ ಎರಡು ಗಂಟೆ ಮೊದಲು ಒಮ್ಮೆ, ಅರ್ಧ ಗಂಟೆ ಮೊದಲು ಇನ್ನೊಮ್ಮೆ ಟ್ಯಾಂಕರ್ ನೀರು ಹಾಕಿಸಬೇಕು. ಇಳಿಯಲು ಹದಿನೈದು ನಿಮಿಷ ಇರುವಾಗ ಒಬ್ಬರು ಮೈದಾನ ಸುತ್ತಿ ಬಂದು ಪೈಲಟ್‌ನ ಮೊಬೈಲ್‌ಗೆ ವಿಡಿಯೊ ಕಳಿಸಬೇಕು. ಆ ಒಬ್ಬರು ಯಾರು ಎಂದು ಹೆಸರು ಬರೆದಿರಬೇಕು. ನೂರು ಮೀಟರ್ ಎಂಬುದು ಸಣ್ಣ ಮತ್ತು ಮಧ್ಯಮ ಹೆಲಿಕಾಪ್ಟರ್‌ಗೆ ಒಂದು ಅಂದಾಜು. ದೊಡ್ಡದಾದರೆ ಹೆಚ್ಚು ಬೇಕು, ನಿಮ್ಮ ಯಂತ್ರಕ್ಕೆ ನೀವೇ ನಿಗದಿ ಮಾಡಿಕೊಳ್ಳಿ.

ಅದೇ ವರ್ಷದ ವಿಧಾನಸಭಾ ಚುನಾವಣೆಯ ಓಡಾಟದಲ್ಲಿ, ಮೇ 2ರಂದು, ಹೊಸಕೋಟೆ ಬಳಿ ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರ್‌ಗೆ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದರು. ಗಾಜು ಒಡೆದರೆ ಎಲ್ಲರೂ ವರದಿ ಬರೆಯುತ್ತಾರೆ. ಅದೇ ಹದ್ದು ಎರಡು ಅಡಿ ಆಚೆ ಹಾದುಹೋದ ಹತ್ತು ದಿನಗಳಿರುತ್ತವಲ್ಲ, ಅವು ಬೇಕು ನಮಗೆ. ಯಾವ ಹೊತ್ತು, ಯಾವ ಎತ್ತರ, ಕೆಳಗೆ ಕಸದ ರಾಶಿ ಇತ್ತೇ, ಕೆರೆ ಇತ್ತೇ ಎಂಬ ನಾಲ್ಕು ಸಂಗತಿ ಹತ್ತು ಸಲ ಸಿಕ್ಕರೆ ದಾರಿಯನ್ನೇ ಬದಲಿಸಬಹುದು.

ಈಗ ಹ್ಯಾಂಗರ್‌ಗೆ ಬರೋಣ. ಗೇರ್‌ಬಾಕ್ಸ್‌ನ ಎಣ್ಣೆಯಲ್ಲಿ ಬೆರಳುದ್ದದ ಒಂದು ಪ್ಲಗ್ ಇರುತ್ತದೆ, ತುದಿಯಲ್ಲಿ ಅಯಸ್ಕಾಂತ. ಚಿಪ್ ಡಿಟೆಕ್ಟರ್ ಅನ್ನುತ್ತೇವೆ. ಒಳಗೆ ಹಲ್ಲೋ ಬೇರಿಂಗೋ ಸವೆದು ಉಕ್ಕಿನ ಚೂರು ಉದುರಿದರೆ ಅಲ್ಲಿಗೆ ಅಂಟುತ್ತದೆ, ಎರಡು ತುದಿಗಳ ನಡುವೆ ಸೇತುವೆಯಾದರೆ ಕಾಕ್‌ಪಿಟ್‌ನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಟೆಕ್ನಿಷಿಯನ್ ಪ್ಲಗ್ ತೆಗೆದು, ಬಿಳಿ ಕಾಗದದ ಮೇಲೆ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಕಾಡಿಗೆಯಂಥ ನುಣ್ಣನೆ ಪೇಸ್ಟ್ ಆದರೆ ಅದು ಮಾಮೂಲಿ ಸವೆತ, ಕೈಪಿಡಿ ಹೇಳಿದಂತೆ ಶುಚಿ ಮಾಡಿ, ನೆಲದ ಮೇಲೆ ಓಡಿಸಿ, ಮತ್ತೆ ನೋಡಿ ಬಿಡುತ್ತಾರೆ. ಹೊಳೆಯುವ ಚಕ್ಕೆಯೋ ಸೂಜಿಯಂಥ ಎಳೆಯೋ ಆದರೆ ಹೆಲಿಕಾಪ್ಟರ್ ಅಲ್ಲೇ ನಿಲ್ಲಬೇಕು, ಚಕ್ಕೆ ಲ್ಯಾಬ್‌ಗೆ ಹೋಗಬೇಕು.

ತಪ್ಪುವುದು ಎಲ್ಲಿ? ಸೋಮವಾರ ಒಂದು ಬೇಸ್‌ನಲ್ಲಿ ದೀಪ ಹೊತ್ತಿತು, ಒರೆಸಿದರು, ಹಾರಿತು. ಗುರುವಾರ ಇನ್ನೊಂದು ಊರಿನಲ್ಲಿ ಮತ್ತೆ ಹೊತ್ತಿತು, ಅಲ್ಲಿನವರು ಒರೆಸಿದರು. ಹೆಲಿಕಾಪ್ಟರ್‌ನ ದುರಸ್ತಿ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಎರಡೂ ಕಡೆ ‘ಪರೀಕ್ಷಿಸಿ ಶುಚಿಗೊಳಿಸಲಾಗಿದೆ’ ಎಂದಷ್ಟೇ ಇದೆ. ಇಬ್ಬರೂ ಮೊದಲನೇ ಸಲ ಅಂದುಕೊಂಡಿದ್ದಾರೆ. ಒರೆಸಿದ ಕಾಗದ ಕಸದ ಬುಟ್ಟಿ ಸೇರಿದೆ. ಇದಕ್ಕೆ ಪರಿಹಾರ ಬಹಳ ಅಗ್ಗ: ಕಾಗದವನ್ನು ಎಸೆಯದೆ ಸಣ್ಣ ಜಿಪ್ ಕವರ್‌ಗೆ ಹಾಕಿ, ದಿನಾಂಕ ಮತ್ತು ಹಾರಾಟ ಗಂಟೆ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ವರದಿಯ ಜೊತೆ ಕಳಿಸುವುದು. ಎರಡನೇ ಫೋಟೊ ಬಂದ ಕ್ಷಣಕ್ಕೆ ಕಚೇರಿಯಲ್ಲಿ ಕೂತವರಿಗೆ ಗೊತ್ತಾಗುತ್ತದೆ.

ಚಕ್ಕೆ ಸಿಕ್ಕರೂ ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡ್‌ನ ಕರಾವಳಿಯ ದುರಂತವನ್ನು ಪ್ರತಿ ಹ್ಯಾಂಗರ್‌ನಲ್ಲೂ ಓದಿಸಬೇಕು. 2009ರ ಏಪ್ರಿಲ್ 1ರಂದು ತೈಲ ವೇದಿಕೆಯಿಂದ ಮರಳುತ್ತಿದ್ದ ಸೂಪರ್ ಪೂಮಾ ಹೆಲಿಕಾಪ್ಟರ್‌ನ ಗೇರ್‌ಬಾಕ್ಸ್ ಒಡೆದು ಮುಖ್ಯ ರೋಟರ್ ಕಳಚಿಹೋಯಿತು. ಹದಿನಾರು ಮಂದಿ ಸತ್ತರು. ಮಾರ್ಚ್ 25ರಂದು, ಅಂದರೆ 36 ಹಾರಾಟ ಗಂಟೆಗಳ ಹಿಂದೆ, ಅದೇ ಗೇರ್‌ಬಾಕ್ಸ್‌ನ ಚಿಪ್ ಡಿಟೆಕ್ಟರ್‌ನಲ್ಲಿ ಒಂದು ಚೂರು ಸಿಕ್ಕಿತ್ತು. ಮುಚ್ಚಿಟ್ಟಿರಲಿಲ್ಲ. ಕಂಪನಿ ಮತ್ತು ತಯಾರಕರ ನಡುವೆ ಮಾತುಕತೆ ಆಗಿತ್ತು. ಆ ಮಾತುಕತೆಯಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯಾಗಿ ಅರ್ಥವಾಯಿತು, ಆ ಚೂರು ಒಳಗಿನ ಪ್ಲಾನೆಟ್ ಗೇರ್ ಎಂಬ ಹಲ್ಲುಚಕ್ರದ್ದು ಎಂದು ಯಾರೂ ಗುರುತಿಸಲಿಲ್ಲ, ಗೇರ್‌ಬಾಕ್ಸ್‌ನ ಆ ಭಾಗ ಬಿಚ್ಚಲಿಲ್ಲ. ಆಮೇಲೆ ಮತ್ತೆ ಎಚ್ಚರಿಕೆ ಬರಲೇ ಇಲ್ಲ. ಹಾಗಾಗಿ ಚಿಪ್ ವಿಷಯವನ್ನು ಫೋನ್‌ನಲ್ಲಿ ಮುಗಿಸಬೇಡಿ. ಏನು ಸಿಕ್ಕಿತು, ಕೈಪಿಡಿಯ ಯಾವ ಪುಟ ನೋಡುತ್ತಿದ್ದೇವೆ, ಯಾವ ಭಾಗ ಬಿಚ್ಚಿದ್ದೇವೆ, ಯಾವುದು ಬಿಚ್ಚಿಲ್ಲ ಎಂಬ ನಾಲ್ಕನ್ನೂ ಬರೆದು ಕಳಿಸಿ, ಎದುರಿನವರಿಂದ ಅದನ್ನೇ ತಿರುಗಿ ಬರೆಸಿಕೊಳ್ಳಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2016ರ ಏಪ್ರಿಲ್ 29ರಂದು ನಾರ್ವೆಯಲ್ಲಿ ಅದೇ ಕುಟುಂಬದ ಹೆಲಿಕಾಪ್ಟರ್‌ನಲ್ಲಿ ಅಂಥದ್ದೇ ಪ್ಲಾನೆಟ್ ಗೇರ್ ಸೀಳಿ ಹದಿಮೂರು ಜನ ಸತ್ತಾಗ ಚಿಪ್ ಎಚ್ಚರಿಕೆಯೇ ಬಂದಿರಲಿಲ್ಲ. ವರದಿ ಬಂದರೆ ಎಲ್ಲವೂ ತಪ್ಪುತ್ತದೆ ಎಂದು ಯಾರೂ ಭರವಸೆ ಕೊಡಲಾಗದು. ಸಿಕ್ಕ ಸುಳಿವು ಕೈಜಾರಬಾರದು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ವರದಿ ಏಕೆ ಬರುವುದಿಲ್ಲ ಎಂದು ಮ್ಯಾನೇಜರ್‌ಗಳು ಕೇಳುತ್ತಾರೆ. “ಬಾಕ್ಸ್ ಇಟ್ಟಿದ್ದೇವೆ, ಫಾರಂ ಇದೆ, ಹುಡುಗರೇ ಬರೆಯಲ್ಲ.” ಫಾರಂ ತರಿಸಿ ನೋಡಿದರೆ ನಾಲ್ಕು ಪುಟ, ಇಂಗ್ಲಿಷ್, ಮೊದಲ ಸಾಲಿನಲ್ಲೇ ಹೆಸರು ಮತ್ತು ಸಿಬ್ಬಂದಿ ಸಂಖ್ಯೆ. ಇಂಧನ ತುಂಬುವ ಹುಡುಗ ಅದನ್ನು ಮುಟ್ಟುವುದಿಲ್ಲ. ಡ್ರಮ್‌ನ ತಳದಲ್ಲಿ ನೀರು ಕಂಡವನು ಅವನೇ. ಅವನ ಭಾಷೆಯಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು, ಬರೆದುಕೊಳ್ಳುವುದು ಸೇಫ್ಟಿ ಮ್ಯಾನೇಜರ್ ಕೆಲಸ. ಅದೇ ದಿನ ‘ಬಂದಿದೆ, ಥ್ಯಾಂಕ್ಸ್’ ಎಂಬ ಉತ್ತರ ಹೋಗಬೇಕು. ಒಂದು ವಾರದಲ್ಲಿ ಏನು ಮಾಡಿದೆವು ಎಂದು ಹೇಳಬೇಕು. ಏನೂ ಮಾಡಲಾಗದಿದ್ದರೆ ಏಕೆ ಆಗುವುದಿಲ್ಲ ಎಂದಾದರೂ ಹೇಳಬೇಕು. ಮೂರು ಸಲ ಉತ್ತರ ಬಾರದಿದ್ದರೆ ನಾಲ್ಕನೇ ಸಲ ಅವನು ಹೇಳುವುದಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಹೇಳುವುದಿಲ್ಲ.

ವರದಿ ಬಾರದಿರಲು ಎರಡನೇ ಕಾರಣ ಭಯ. ವರದಿ ಬಂದೊಡನೆ ಆಪರೇಷನ್ಸ್ ಮುಖ್ಯಸ್ಥರು ಕೇಳುವ ಮೊದಲ ಪ್ರಶ್ನೆ “ಯಾರು ಮಾಡಿದ್ದು?” ಎಂದಾದರೆ ಅದೇ ಕೊನೆಯ ವರದಿ. ಅದಕ್ಕೇ ಸೇಫ್ಟಿ ಮ್ಯಾನೇಜರ್ ನೇರವಾಗಿ, ಕಂಪನಿಯ ಸುರಕ್ಷತೆಗೆ ಅಂತಿಮ ಹೊಣೆ ಹೊತ್ತ ಅಕೌಂಟೆಬಲ್ ಮ್ಯಾನೇಜರ್‌ಗೆ ಉತ್ತರಿಸಬೇಕು, ನಡುವೆ ಡ್ಯೂಟಿ ಪಟ್ಟಿ (ರೋಸ್ಟರ್) ಹಾಕುವವರು ಇರಬಾರದು. ಶಿಕ್ಷೆಯೇ ಇಲ್ಲವೇ ಎಂದು ಹಿರಿಯರು ಕೇಳುವುದು ಸಹಜ. ಇದೆ. ಕುಡಿದು ಬಂದವರಿಗೆ, ಸುಳ್ಳು ದಾಖಲೆ ಬರೆದವರಿಗೆ, ಗೊತ್ತಿದ್ದೂ ನಿಯಮ ಬದಿಗೊತ್ತಿದವರಿಗೆ ಇದೆ. ಕೈ ತಪ್ಪಿ ಆದದ್ದಕ್ಕೆ, ಮರೆತದ್ದಕ್ಕೆ, ಎಲ್ಲರೂ ಹಿಡಿಯುವ ಅಡ್ಡದಾರಿಯನ್ನು ತಾನೂ ಹಿಡಿದದ್ದಕ್ಕೆ ಇಲ್ಲ. ಪರೀಕ್ಷೆ ಸುಲಭ: ಅದೇ ಅನುಭವದ ಇನ್ನೊಬ್ಬರನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ ಅವರೂ ಹಾಗೆಯೇ ಮಾಡುತ್ತಿದ್ದರೇ? ಹೌದಾದರೆ ಸರಿಪಡಿಸಬೇಕಾದದ್ದು ಆ ಜಾಗವನ್ನು.

ಇನ್ನು ಹಾರಾಟಕ್ಕೆ ಮುನ್ನ ತುಂಬುವ ಅಪಾಯದ ಅಂಕಪಟ್ಟಿ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಮಂದಿ ಸತ್ತ ಅಪಘಾತದಲ್ಲಿ ಈ ಪಟ್ಟಿ ತುಂಬಲಾಗಿತ್ತು, ‘ಕಡಿಮೆ ಅಪಾಯ’ ಎಂದು ಬಂದಿತ್ತು. ಆಮೇಲಿನ ಹವಾಮಾನಕ್ಕೆ ತಕ್ಕಂತೆ ಮತ್ತೆ ತುಂಬಲಿಲ್ಲ. ತುಂಬಿದ್ದರೂ ಅಂಕ ‘ಕಡಿಮೆ’ ಅನ್ನುವುದರಲ್ಲೇ ಉಳಿಯುತ್ತಿತ್ತು, ಆದರೆ ಆಪರೇಷನ್ಸ್ ಮುಖ್ಯಸ್ಥರ ಜೊತೆ ಮಾತಾಡಿ ಬದಲಿ ಯೋಜನೆ ಕೊಡಬೇಕಾಗುತ್ತಿತ್ತು ಎಂದು ಅಮೆರಿಕದ ತನಿಖಾ ಸಂಸ್ಥೆ ಕಂಡುಕೊಂಡಿತು. ಪೈಲಟ್ ಮೋಡದೊಳಗೆ ಹೋಗಿ ದಿಕ್ಕು ಮೇಲುಕೆಳಗು ತಿಳಿಯದಾದರು. ಕಂಪನಿ ತನ್ನ ಸುರಕ್ಷತಾ ವ್ಯವಸ್ಥೆಯನ್ನು ಸರಿಯಾಗಿ ಪರಿಶೀಲಿಸದ್ದೂ ಕಾರಣಗಳಲ್ಲೊಂದು ಎಂದು ವರದಿ ಬರೆಯಿತು. ಅಂಕ ಕೂಡಿಸಿ ಮುಗಿಸಬೇಡಿ. ಆ ಪಟ್ಟಿಯ ಪ್ರಯೋಜನ ಇರುವುದು ಇನ್ನೊಬ್ಬರಿಗೆ ಫೋನ್ ಮಾಡಿಸುವುದರಲ್ಲಿ. ಅಲ್ಲಿ ಹಿಂತಿರುಗುವ ಗೆರೆಯನ್ನೂ ಬರೆಯಿಸಿ: ಮಾಮೂಲಿ ವೇಗಕ್ಕಿಂತ 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ಇಳಿಸಬೇಕಾಗಿ ಬಂದರೆ, ಅಥವಾ ಮೋಡ ತಪ್ಪಿಸಲು ಯೋಜಿಸಿದ ಎತ್ತರಕ್ಕಿಂತ ಕೆಳಗೆ ಇಳಿಯಬೇಕಾದರೆ, ತಿರುಗಿ ಬರುವುದು ಅಥವಾ ಸಿಕ್ಕ ಬಯಲಿನಲ್ಲಿ ಇಳಿಸುವುದು. ಆ ನಿರ್ಧಾರವನ್ನು ನೆಲದ ಮೇಲೆ, ಕಾಫಿ ಕುಡಿಯುತ್ತ ಮಾಡಿಬಿಡಬೇಕು.

ಕೇದಾರನಾಥದ ಕಣಿವೆ ನೆನಪಾಗದೆ ಇರುವುದಿಲ್ಲ. 2022ರ ಅಕ್ಟೋಬರ್ 18ರಂದು ಏಳು ಮಂದಿ, 2025ರ ಜೂನ್ 15ರಂದು ಮತ್ತೆ ಏಳು ಮಂದಿ ಹೆಲಿಕಾಪ್ಟರ್ ಅಪಘಾತದಲ್ಲಿ ಸತ್ತರು. ದೇವಸ್ಥಾನ ಮೂರೂವರೆ ಸಾವಿರ ಮೀಟರ್‌ಗೂ ಮೇಲಿದೆ, ದಾರಿ ಕಿರಿದು, ಕಣ್ಣಿಗೆ ಕಾಣುವುದನ್ನೇ ನಂಬಿ ಹಾರಬೇಕು. ಅಲ್ಲಿ ಒಂದು ಕಂಪನಿಯ ಪೈಲಟ್ ಮೋಡ ಕಂಡು ವಾಪಸ್ ಬಂದ ಸುದ್ದಿ ಐದು ನಿಮಿಷದೊಳಗೆ ಕಣಿವೆಯ ಎಲ್ಲ ಪೈಲಟ್‌ಗಳಿಗೂ ಸಿಗಬೇಕು, ಕಂಪನಿ ಯಾವುದಾದರೂ ಸರಿ. ತಿರುಗಿ ಬಂದ ಹಾರಾಟಕ್ಕೂ ಪೂರ್ತಿ ಭತ್ಯೆ ಕೊಡಬೇಕು. ಗಂಟೆಯ ಲೆಕ್ಕಕ್ಕೆ, ಸುತ್ತಿನ ಲೆಕ್ಕಕ್ಕೆ ಕಾಸು ಕೊಡುತ್ತ ‘ಸುರಕ್ಷತೆ ಮೊದಲು’ ಎಂದು ಗೋಡೆಯ ಮೇಲೆ ಬರೆಸಿದರೆ ಪೈಲಟ್ ನಂಬುವುದು ಸಂಬಳದ ಚೀಟಿಯನ್ನೇ.

ಸರಿಯಾಗಿ ಶುರು ಮಾಡಿದರೆ ವರದಿಗಳು ಒಂದು ಕ್ರಮದಲ್ಲಿ ಬರುತ್ತವೆ. ಮೊದಲ ಕೆಲವು ತಿಂಗಳು ಟಾರ್ಚ್ ಇಲ್ಲ, ತಂಗುವ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ, ಅಗ್ನಿಶಾಮಕದ ಅವಧಿ ಮುಗಿದಿದೆ ಎಂಬಂಥವು. ಇವನ್ನು ಸಣ್ಣವೆಂದು ತಳ್ಳಬೇಡಿ, ಜನ ನಿಮ್ಮನ್ನು ಪರೀಕ್ಷಿಸುತ್ತಿದ್ದಾರೆ. ಟಾರ್ಚ್ ಬಂದ ಮೇಲೆ ಯಂತ್ರದ ವರದಿಗಳು ಬರುತ್ತವೆ. ಅಂಕಿ ಏರುತ್ತದೆ, ಮಾಲೀಕರು ಗಾಬರಿಯಾಗುತ್ತಾರೆ. ಅವರಿಗೆ ಮೊದಲೇ ಹೇಳಿಟ್ಟಿರಬೇಕು. ಎಲ್ಲಕ್ಕಿಂತ ತಡವಾಗಿ, ಬಹುಶಃ ಎರಡನೇ ವರ್ಷದಲ್ಲಿ, ಹಿರಿಯ ಪೈಲಟ್ ಒಬ್ಬರು ತಮ್ಮ ಹೆಸರನ್ನೇ ಹಾಕಿ ಬರೆಯುತ್ತಾರೆ: “ನಿನ್ನೆ ಮಧ್ಯಾಹ್ನ ಕಣಿವೆಯಲ್ಲಿ ಮೋಡದೊಳಗೆ ಹೊಕ್ಕುಬಿಟ್ಟೆ. ಒಂದು ನಿಮಿಷ ಏನೂ ಕಾಣಲಿಲ್ಲ. ತಿರುಗಬೇಕಿತ್ತು, ತಿರುಗಲಿಲ್ಲ.” ಅಂದು ಅಕೌಂಟೆಬಲ್ ಮ್ಯಾನೇಜರ್ ತಾವೇ ಫೋನ್ ಮಾಡಿ ಮೊದಲು “ಹೇಗಿದ್ದೀರಿ ಕ್ಯಾಪ್ಟನ್?” ಎಂದು ಕೇಳಬೇಕು. ಮರುದಿನದ ರೋಸ್ಟರ್‌ನಿಂದ ಅವರ ಹೆಸರು ತೆಗೆದು, ಸಂಬಳ ಕಡಿಯದೆ, ಉಪಕರಣ ನೋಡಿ ಹಾರಿಸುವ ಅಭ್ಯಾಸಕ್ಕೆ ಸಿಮ್ಯುಲೇಟರ್ ಬುಕ್ ಮಾಡಬೇಕು. ಅವರು ಒಪ್ಪಿದರೆ ಮುಂದಿನ ಸೋಮವಾರದ ಬ್ರೀಫಿಂಗ್‌ನಲ್ಲಿ ಆ ಒಂದು ನಿಮಿಷದ ಬಗ್ಗೆ ಕಿರಿಯರಿಗೆ ಅವರೇ ಹೇಳಲಿ.