ಮೊಗ್ಯಾಂಬೊಗಿಂತ ಮುಂಚೆ ಒಬ್ಬ ಗೌಡ ಇದ್ದ

ಅಮರೀಶ್ ಪುರಿ ಹೆಸರು ಹೇಳಿದರೆ ಬೆಂಗಳೂರಿನಲ್ಲಿ ಹಿಂದಿ ಸರಿಯಾಗಿ ಬಾರದವರೂ ಮೊಗ್ಯಾಂಬೊ ಡೈಲಾಗ್ ಹೊಡೆಯುತ್ತಾರೆ. ಅವರು ಮೊಗ್ಯಾಂಬೊ ಎಂಬ ಖಳನಾಗಿದ್ದ 'ಮಿಸ್ಟರ್ ಇಂಡಿಯಾ' ಬಂದದ್ದು 1987ರಲ್ಲಿ. ಅದಕ್ಕೂ 14 ವರ್ಷ ಮುಂಚೆ ಇದೇ ಮನುಷ್ಯ ಕನ್ನಡ ಚಿತ್ರವೊಂದರಲ್ಲಿ ಗೌಡನಾಗಿದ್ದ ಎಂದರೆ ಮಾತ್ರ ಎಷ್ಟೋ ಜನ ಹೌದಾ ಅನ್ನುತ್ತಾರೆ.

ಪುರಿ ಪಂಜಾಬಿನವರು, ಹುಟ್ಟಿದ್ದು 1932ರಲ್ಲಿ. ಅಣ್ಣ ಮದನ್ ಪುರಿ ಆಗಲೇ ಹೆಸರು ಮಾಡಿದ್ದ ಖಳನಟ. ತಮ್ಮನೂ ಹೀರೋ ಆಗುವ ಆಸೆಯಿಂದ ಮುಂಬೈಗೆ ಬಂದರು, ಸ್ಕ್ರೀನ್ ಟೆಸ್ಟ್‌ನಲ್ಲಿ ಫೇಲಾದರು. ಆಮೇಲೆ ಇಎಸ್‌ಐ ಕಚೇರಿಯಲ್ಲಿ ಕೆಲಸ, ಸಂಜೆಯಾದರೆ ನಾಟಕ. ಸುಮಾರು 20 ವರ್ಷ ಹೀಗೇ ನಡೆಯಿತು. ಸತ್ಯದೇವ ದುಬೆ ಹಿಂದಿಯಲ್ಲಿ ಆಡಿಸಿದ ಗಿರೀಶ ಕಾರ್ನಾಡರ 'ಯಯಾತಿ'ಯಲ್ಲೂ ಪುರಿ ಇದ್ದರು. ಕನ್ನಡದ ನಂಟು ಶುರುವಾದದ್ದು ಅಲ್ಲಿಂದ.

1973ರಲ್ಲಿ ಕಾರ್ನಾಡರು ಶ್ರೀಕೃಷ್ಣ ಆಲನಹಳ್ಳಿ ಅವರ 'ಕಾಡು' ಕಾದಂಬರಿಯನ್ನು ಸಿನಿಮಾ ಮಾಡಿದರು. ಚಂದ್ರೇಗೌಡನ ಪಾತ್ರ ಪುರಿಗೆ ಸಿಕ್ಕಿತು. ಆಗ ಅವರಿಗೆ 40 ದಾಟಿತ್ತು. ಈ ಗೌಡ ಕೂಗಾಡುವವನಲ್ಲ. ಊರಿಗೆ ದೊಡ್ಡವನು. ಮನೆಯಲ್ಲಿ ಕಮಲಿಯಂಥ ಹೆಂಡತಿ ಇದ್ದರೂ ರಾತ್ರಿ ಪಕ್ಕದೂರಿನ ಬಸಕ್ಕನ ಮನೆಗೆ ಹೋಗುತ್ತಾನೆ. ಅವನ ಮನೆಯಲ್ಲಿ ಬೆಳೆಯುವ ಹುಡುಗ ಕಿಟ್ಟಿ ಎಲ್ಲವನ್ನೂ ನೋಡುತ್ತಿರುತ್ತಾನೆ. ಗೌಡನನ್ನು ಸುಮ್ನೆ ಕೆಟ್ಟವನು ಅಂತ ಬದಿಗಿಡಲು ಆಗುವುದಿಲ್ಲ. ತಾನು ಮಾಡುವುದರಲ್ಲಿ ತಪ್ಪಿದೆ ಎಂಬ ಯೋಚನೆಯೇ ಅವನಿಗೆ ಬರುವುದಿಲ್ಲ, ಹೆದರಿಕೆ ಹುಟ್ಟಿಸುವುದು ಅದು. ಕಮಲಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪುರಿ ಬಗ್ಗೆ ಅಷ್ಟು ಮಾತು ಆಗಲಿಲ್ಲ.

ಆದರೆ ಆ ಗೌಡನೇ ಬೇರೆ ಬೇರೆ ಹೆಸರಿನಲ್ಲಿ ಹಿಂದಿಗೆ ಹೋದ ಎನ್ನುವುದು ನನ್ನ ವಾದ. ಶ್ಯಾಮ್ ಬೆನೆಗಲ್ ಅವರ 'ನಿಶಾಂತ್' (1975) ನೋಡಿ. ಪುರಿ ತೆಲಂಗಾಣದ ಜಮೀನ್ದಾರ, ಅವರ ತಮ್ಮನಾಗಿ ಅನಂತನಾಗ್. ಹೆಂಡತಿಯನ್ನು ಇವರ ಮನೆಗೆ ಕಳೆದುಕೊಂಡ ಮೇಷ್ಟ್ರು ಯಾರು? ಕಾರ್ನಾಡರೇ! 'ಮಂಥನ್' (1976) ಚಿತ್ರದಲ್ಲಿ ಖಾಸಗಿ ಡೇರಿಯ ಮಾಲೀಕ. ಹಾಲಿನ ಸೊಸೈಟಿ ಕಟ್ಟಲು ಬರುವ ಡಾಕ್ಟರ್ ರಾವ್ ಮತ್ತೆ ಕಾರ್ನಾಡರು. 'ಭೂಮಿಕಾ' (1977) ಚಿತ್ರದ ವಿನಾಯಕ ಕಾಳೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಮರ್ಯಾದಸ್ಥ, ಮಾತು ಮೆತ್ತಗೆ. ಆದರೆ ಮನೆಗೆ ಬಂದ ಹೆಣ್ಣು ಹೊಸ್ತಿಲು ದಾಟುವ ಹಾಗಿಲ್ಲ.

ಇನ್ನೊಂದು ತಮಾಷೆ ಇದೆ. ದೊಡ್ಡ ಬಜೆಟ್ಟಿನ ಹಿಂದಿ ಚಿತ್ರಗಳು ಪುರಿಯನ್ನು ಖಳನಾಯಕ ಎಂದು ಗಟ್ಟಿಯಾಗಿ ಹಿಡಿದದ್ದು 'ಹಮ್ ಪಾಂಚ್' (1980) ಬಂದ ಮೇಲೆ. ಅದು ಪುಟ್ಟಣ್ಣ ಕಣಗಾಲ್ ಅವರ 'ಪಡುವಾರಳ್ಳಿ ಪಾಂಡವರು' ಚಿತ್ರದ ರೀಮೇಕ್. ಅಂದರೆ ಅಲ್ಲಿಯೂ ನಮ್ಮದೇ ಊರ ಯಜಮಾನ, ಅಲ್ವಾ?

ಆಮೇಲಿನದು ಎಲ್ಲರಿಗೂ ಗೊತ್ತು. 'ವಿಧಾತಾ', 'ಹೀರೋ', 1984ರಲ್ಲಿ ಬಂದ ಸ್ಪೀಲ್‌ಬರ್ಗ್ ಚಿತ್ರಕ್ಕಾಗಿ ಬೋಳಿಸಿದ ತಲೆ, ಮೊಗ್ಯಾಂಬೊ. ಪಾತ್ರಗಳ ದನಿ ಏರಿತು, ಕಣ್ಣು ಅಗಲವಾಯಿತು. ಕೆಲವು ಚಿತ್ರಗಳಲ್ಲಿ ಅಷ್ಟೇ ಉಳಿಯಿತು ಎಂದರೂ ತಪ್ಪಿಲ್ಲ. ದುಡ್ಡು ಕೊಡುವವರು ಕೇಳಿದ್ದೂ ಅದನ್ನೇ.

1995ರಲ್ಲಿ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಚಿತ್ರದ ಅಪ್ಪನ ಪಾತ್ರ ಬಂತು. ಮನೆಯಲ್ಲಿ ತನ್ನ ಮಾತೇ ಕೊನೆ ಎನ್ನುವ ಅದೇ ಯಜಮಾನ, ಆದರೆ ಮಗಳ ಮೇಲೆ ನಿಜವಾದ ಪ್ರೀತಿ ಇರುವವನು. 'ವಿರಾಸತ್' (1997) ಚಿತ್ರದಲ್ಲಿ ಊರಿಗಾಗಿ ಬದುಕುವ ಠಾಕೂರ. ಪುರಿ ತೀರಿಕೊಂಡದ್ದು 2005ರ ಜನವರಿ 12ರಂದು.

'ಕಾಡು' ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ. ಅದಾದ ಮೇಲೆ 'ಭೂಮಿಕಾ' ನೋಡಿ. 'ಮಿಸ್ಟರ್ ಇಂಡಿಯಾ' ಹೇಗೂ ಟಿವಿಯಲ್ಲಿ ಬರುತ್ತಲೇ ಇರುತ್ತದೆ.