ಮೂರನೇ ಕ್ಲಾಸಿಗೆ ಬಂದರೂ ಇಪ್ಪತ್ತರ ಮಗ್ಗಿ ಬರಲ್ಲ, ಶಾಲೆಯಲ್ಲಿ ಲೆಕ್ಕ ಅಂತ ಏನು ಕಲಿಸ್ತಾರೆ?

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಐದರ ಮಗ್ಗಿ ದಾಟಿಲ್ಲ. ಕೇಳಿದರೆ ಮಣಿ, ಕಡ್ಡಿ, ಚಿತ್ರದ ಕಾರ್ಡು ಅಂತಾಳೆ. ನಾವು ಆ ವಯಸ್ಸಿಗೆ ಇಪ್ಪತ್ತರವರೆಗೆ ಹೇಳ್ತಿದ್ವಿ. ಈಗಿನ ಸಿಲಬಸ್ಸಿನಲ್ಲಿ ಲೆಕ್ಕ ಅಂತ ಏನಿದೆ?

ಉತ್ತರ: ಮೊದಲು ಒಂದು ಸಣ್ಣ ಕೆಲಸ ಮಾಡಿ. ಮಗಳಿಗೆ 42ರಲ್ಲಿ 17 ಕಳೆಯಲು ಹೇಳಿ. 25 ಬಂದರೆ ಒಳ್ಳೆಯದು. ಆದರೆ ಈ ವಯಸ್ಸಿನ ತುಂಬಾ ಮಕ್ಕಳು 35 ಬರೆಯುತ್ತಾರೆ. ಯಾಕೆ ಗೊತ್ತಾ? ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ತಿರುಗಿಸಿ ಏಳರಲ್ಲಿ ಎರಡು ಕಳೆದು 5, ನಾಲ್ಕರಲ್ಲಿ ಒಂದು ಕಳೆದು 3. ಮಗುವಿನ ಲೆಕ್ಕದಲ್ಲಿ ಇದು ಸರಿಯೇ. ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ನಾವೇ ಹೇಳಿಕೊಟ್ಟಿದ್ದೇವೆ. ಅಲ್ಲಿರುವ 4 ನಿಜವಾಗಿ ನಲವತ್ತು ಅನ್ನೋದು ಮಾತ್ರ ಇನ್ನೂ ತಲೆಗೆ ಹೋಗಿಲ್ಲ. ಈ ಮಗುವಿಗೆ ಹತ್ತೊಂಬತ್ತರ ಮಗ್ಗಿ ಬಾಯಿಪಾಠ ಬಂದರೂ ಈ ಲೆಕ್ಕ ತಪ್ಪೇ ಆಗುತ್ತದೆ.

ಒಂದರಿಂದ ಮೂರನೇ ತರಗತಿಯ ಗಣಿತದ ಜೀವಾಳ ಇದೇ, ಸ್ಥಾನಬೆಲೆ. ಬಿಡಿ, ಹತ್ತು, ನೂರು. ಕಡ್ಡಿ ಬರುವುದು ಇಲ್ಲಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡುತ್ತಾರೆ. 42 ಅಂದರೆ ನಾಲ್ಕು ಕಟ್ಟು, ಎರಡು ಬಿಡಿ. ಹದಿನೇಳು ಕೊಡಬೇಕು, ಬಿಡಿ ಎರಡೇ ಇದೆ, ಏನು ಮಾಡ್ತೀಯ? ಮಗು ಒಂದು ಕಟ್ಟನ್ನು ತಾನೇ ಬಿಚ್ಚಬೇಕು. ನಮಗೆಲ್ಲ ಇದನ್ನು 'ಪಕ್ಕದವನ ಹತ್ರ ಸಾಲ ತಗೋ' ಅಂತ ಹೇಳಿಕೊಟ್ಟಿದ್ದರು. ತಗೊಂಡ ಸಾಲ ವಾಪಸ್ ಯಾವಾಗ ಕೊಡಬೇಕು ಅನ್ನೋದು ನನಗೆ ನಾಲ್ಕನೇ ಕ್ಲಾಸಿನ ತನಕ ಅರ್ಥವಾಗಲಿಲ್ಲ, ಕೇಳಲು ಧೈರ್ಯವೂ ಇರಲಿಲ್ಲ.

ನೀವು ಹೇಳುವ ಕಾರ್ಡುಗಳು ನಲಿ-ಕಲಿಯದ್ದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯವಿಡೀ ಹಬ್ಬಿದ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ, ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹತ್ತಿಕೊಂಡು ಹೋಗುತ್ತದೆ. ಹಾಗಾಗಿ ಪಕ್ಕದ ಮನೆ ಹುಡುಗಿ ಎಲ್ಲಿದ್ದಾಳೆ, ನಮ್ಮವಳು ಎಲ್ಲಿದ್ದಾಳೆ ಅಂತ ಹೋಲಿಸಿ ಪ್ರಯೋಜನವಿಲ್ಲ. ಶಿಕ್ಷಕರನ್ನು 'ಎಷ್ಟನೇ ಮೆಟ್ಟಿಲು?' ಅಂತಲೇ ಕೇಳಿ.

ಹಾಗಾದರೆ ಮೂರನೇ ಕ್ಲಾಸಿನ ಕೊನೆಗೆ ಎಷ್ಟು ಬರಬೇಕು? ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ನಿಪುಣ್ ಭಾರತ್ ಅನ್ನೋ ಯೋಜನೆ ಇದಕ್ಕೆ ಗುರಿ ಹಾಕಿಕೊಟ್ಟಿದೆ. ಒಂದನೇ ಕ್ಲಾಸಿಗೆ 99ರವರೆಗೆ ಓದಿ ಬರೆಯುವುದು, ಸುಲಭದ ಕೂಡು-ಕಳೆ. ಎರಡಕ್ಕೆ 999ರವರೆಗೆ. ಮೂರಕ್ಕೆ 9999ರವರೆಗೆ, ಜೊತೆಗೆ ಸರಳ ಗುಣಾಕಾರ. ಇಪ್ಪತ್ತರ ಮಗ್ಗಿಯ ಸುದ್ದಿಯೇ ಇಲ್ಲ.

ಮತ್ತೆ ನಮಗೆ ಯಾಕೆ ಅಷ್ಟೊಂದು ಮಗ್ಗಿ ಹೇಳಿಸಿದರು? ನನಗೆ ಅನ್ನಿಸುವ ಮಟ್ಟಿಗೆ ಅದಕ್ಕೆ ಅಂಗಡಿಯೇ ಕಾರಣ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹದಿನಾರರ ಮಗ್ಗಿ ಬರದವನು ವ್ಯಾಪಾರ ಮಾಡುವಂತಿರಲಿಲ್ಲ. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯನ್ನೂ ಅಜ್ಜಂದಿರು ಹೇಳುತ್ತಿದ್ದರು. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ 100 ಪೈಸೆ ಆಯಿತು. ಆಣೆ ಹೋಯಿತು, 'ಹದಿನಾರಾಣೆ ಸತ್ಯ' ಅನ್ನೋ ಮಾತು ಉಳಿಯಿತು, ಹದಿನಾರರ ಮಗ್ಗಿಯೂ ಸುಮ್ನೆ ಉಳಿದುಕೊಂಡಿತು!

ಮಗ್ಗಿ ಬೇಡ ಅಂತ ನಾನು ಹೇಳುತ್ತಿಲ್ಲ. ಹತ್ತರವರೆಗೆ ಬೇಕೇ ಬೇಕು, ಮುಂದೆ ಭಾಗಾಕಾರ ಮಾಡುವಾಗ ಬೆರಳೆಣಿಸುತ್ತಾ ಕೂತರೆ ಲೆಕ್ಕ ಮುಂದೆ ಹೋಗೋದಿಲ್ಲ. ಆದರೆ ಹೇಗೆ ಬರಬೇಕು ಅನ್ನೋದರಲ್ಲಿ ವ್ಯತ್ಯಾಸ ಇದೆ. ನಾನು ಸಂಜೆ ಕೈಕಾಲು ತೊಳೆದು ಕೂತು 'ಏಳೊಂದ್ಲಾ ಏಳು, ಏಳೆರಡ್ಲಾ ಹದಿನಾಲ್ಕು' ಅಂತ ರಾಗವಾಗಿ ಹೇಳುತ್ತಿದ್ದೆ. ಯಾರಾದರೂ ಥಟ್ಟಂತ 'ಏಳೆಂಟ್ಲಾ?' ಅಂದರೆ ಮತ್ತೆ ಏಳೊಂದ್ಲಾದಿಂದ ಶುರು ಮಾಡಬೇಕಾಗುತ್ತಿತ್ತು. ಅದು ಹಾಡು, ಗುಣಾಕಾರ ಅಲ್ಲ. ಏಳೇಳ್ಲಾ 49 ಗೊತ್ತಿದ್ದು ಅದಕ್ಕೆ ಇನ್ನೊಂದು ಏಳು ಸೇರಿಸಿ 56 ಅನ್ನುವ ಮಗು ನನಗಿಂತ ಎಷ್ಟೋ ಮುಂದಿದೆ. ಹದಿನಾರೇಳು ಎಷ್ಟು ಅಂದರೂ ಅದು ಎಪ್ಪತ್ತಕ್ಕೆ ನಲವತ್ತೆರಡು ಸೇರಿಸಿ 112 ಅನ್ನುತ್ತದೆ.

ಮೂರನೇ ಕ್ಲಾಸಿನವರೆಗಿನ ಲೆಕ್ಕ ಕಲಿಸೋಕೆ ಈಗಿನ ಪಠ್ಯಕ್ರಮ ಹೇಳುವ ದಾರಿ ಹೀಗಿದೆ: ಮೊದಲು ವಸ್ತು ಕೈಯಲ್ಲಿ, ಆಮೇಲೆ ಅದರ ಬಗ್ಗೆ ಮಾತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಮತ್ತು ಚಿಹ್ನೆ. ನಾವು ಕೊನೆಯದರಿಂದ ಶುರು ಮಾಡಿದವರು. ಅದಕ್ಕೇ ಮಕ್ಕಳ ಪುಸ್ತಕ ನಮಗೆ ಆಟದ ಥರ ಕಾಣುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಲೆಕ್ಕ ಮಾಡಲು ಬಂದರಷ್ಟೇ ಸಾಲದು, ಮಗು ಗಣಿತದ ರೀತಿಯಲ್ಲಿ ಯೋಚಿಸಬೇಕು. ಕೇಳೋಕೆ ಭಾಷಣದಂತಿದೆ, ಒಪ್ಪುತ್ತೇನೆ. ಆದರೆ ಈ ಲೆಕ್ಕ ನೋಡಿ: ಗೌರಿ ಹತ್ತಿರ ಒಟ್ಟು 15 ಬಳೆ ಇವೆ, ಅದರಲ್ಲಿ 6 ಕೆಂಪು, ಉಳಿದದ್ದು ಹಸಿರು. ಹಸಿರು ಬಳೆ ಎಷ್ಟು? 'ಒಟ್ಟು' ಅನ್ನೋ ಪದ ಕಂಡ ಕೂಡಲೇ ಕೂಡಿ 21 ಬರೆಯುವ ಮಕ್ಕಳಿದ್ದಾರೆ. ಇನ್ನು ಕೆಲವರು ಓದುವ ಮೊದಲೇ 'ಮಿಸ್, ಕೂಡ್ಬೇಕಾ ಕಳೀಬೇಕಾ?' ಅಂತಾರೆ. ಒಟ್ಟೇ 15 ಇರುವಾಗ ಹಸಿರು 21 ಹೇಗಾಗುತ್ತೆ ಅಂತ ಮಗುವಿಗೆ ಅನುಮಾನ ಬರಬೇಕು. ಆ ಅನುಮಾನವೇ ಗುರಿ.

ಕನ್ನಡದಲ್ಲಿ ಕಲಿಯುವ ಮಗುವಿಗೆ ಇಲ್ಲಿ ಒಂದು ಅನುಕೂಲ ಉಂಟು. ನಮ್ಮ ಸಂಖ್ಯೆಯ ಹೆಸರಲ್ಲೇ ಲೆಕ್ಕ ಇದೆ. ಇಪ್ಪತ್ತು, ಎರಡು, ಇಪ್ಪತ್ತೆರಡು. ಹಿಂದಿಯಲ್ಲಿ ನೂರರವರೆಗೆ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆಯಾಗಿ ನೆನಪಿಡಬೇಕು. ತೊಡಕು ಬರುವುದು ನೂರು ದಾಟಿದ ಮೇಲೆ. 'ನೂರ ನಾಲ್ಕು' ಬರಿ ಅಂದರೆ ಎಷ್ಟೋ ಮಕ್ಕಳು 100 ಬರೆದು ಪಕ್ಕದಲ್ಲಿ 4 ಇಡುತ್ತಾರೆ, 1004 ಆಗುತ್ತದೆ. ಮಗಳ ಹತ್ತಿರ ಇದನ್ನೂ ಬರೆಸಿ ನೋಡಿ.

ನಾಲ್ಕು, ಐದಕ್ಕೆ ಹೋದರೆ ಸುತ್ತಳತೆ, ವಿಸ್ತೀರ್ಣ, ಕೋನ, ತೂಕ, ಗಡಿಯಾರ, ಪಟ್ಟಿ ನೋಡಿ ಮಾಹಿತಿ ಹೇಳುವುದು ಎಲ್ಲ ಬರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್, ಅಂದರೆ ಕೈಯಲ್ಲಿ ಹಿಡಿದು ಲೆಕ್ಕ ಕಲಿಯುವ ವಸ್ತುಗಳ ಪೆಟ್ಟಿಗೆ, ಇರುವುದೂ ಆ ತರಗತಿಗಳಿಗೆ. ಅಲ್ಲಿ ಮಕ್ಕಳು ಜಾಸ್ತಿ ಎಡವುವುದು ಭಿನ್ನರಾಶಿಯಲ್ಲಿ. 3ಕ್ಕಿಂತ 4 ದೊಡ್ಡದು, ಹಾಗಾಗಿ 1/3ಕ್ಕಿಂತ 1/4 ದೊಡ್ಡದು ಅಂತಾರೆ. ಇದಕ್ಕೂ ಅಂಗಡಿಗೆ ಕಳಿಸಿ. ಕಾಲು ಕೆಜಿ, ಅರ್ಧ ಕೆಜಿ ಅವರಿಗೆ ಗೊತ್ತು. ಮುಕ್ಕಾಲು ಅಂದರೆ ಮೂರು ಕಾಲು, ಪದ ಬಿಡಿಸಿದರೆ 3/4 ಅಲ್ಲೇ ಇದೆ ಅಲ್ವಾ?

ಈಗ ಮನೆಯಲ್ಲಿ ಏನು ಮಾಡಬೇಕು ಅಂದರೆ, ಪೊರಕೆ ಕಡ್ಡಿ ಅರವತ್ತು ಮುರಿದು ಇಟ್ಟುಕೊಳ್ಳಿ, ಹತ್ತರಂತೆ ಐದು ಕಟ್ಟು ಹಾಕಿ, ಉಳಿದದ್ದು ಬಿಡಿ ಇರಲಿ. 52 ಎತ್ತಿಕೋ, ಅದರಲ್ಲಿ 28 ನನಗೆ ಕೊಡು ಅನ್ನಿ. ಸುಮ್ಮನೆ ನೋಡುತ್ತಾ ಕೂರಿ, ಹೇಳಿಕೊಡಬೇಡಿ. ಅವಳೇ ಒಂದು ಕಟ್ಟು ಬಿಚ್ಚಿದರೆ ನಾಳೆಯಿಂದ ಆರರ ಮಗ್ಗಿ ಶುರು ಮಾಡಿಸಬಹುದು. ಬಿಚ್ಚದೆ ನಿಮ್ಮ ಮುಖ ನೋಡಿದರೆ ಇನ್ನೊಂದು ವಾರ ಕಡ್ಡಿಯ ಜೊತೆಗೇ ಇರಲಿ.