ಮದ್ದು ತೂಗುವ ಯಂತ್ರವನ್ನು ನಂಬುವ ಮುಂಚೆ

ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು, ಅವು ತೋರಿಸುವ ಅಂಕಿ ಸರಿಯಿದೆಯಾ ಅಂತ ಪರೀಕ್ಷಿಸುವುದು ನನ್ನ ಕೆಲಸ. ಗುರಿ ಶೂಟಿಂಗ್ ಅಭ್ಯಾಸಕ್ಕೆ ಮನೆಯಲ್ಲೇ ಕಾಡತೂಸು ತುಂಬಿಕೊಳ್ಳುವ ಪರವಾನಗಿ ಇರುವವರು ತಮ್ಮ ಎಲೆಕ್ಟ್ರಾನಿಕ್ ಪೌಡರ್ ಡಿಸ್ಪೆನ್ಸರ್‌ಗಳನ್ನು, ಅಂದರೆ ಕಾಡತೂಸಿಗೆ ಹಾಕುವ ಕೋವಿ ಮದ್ದನ್ನು ತೂಗಿ ಕೊಡುವ ಯಂತ್ರಗಳನ್ನು, ನನ್ನ ಹತ್ತಿರ ತರುತ್ತಾರೆ. ಹೆಚ್ಚಿನವರ ದೂರು ಒಂದೇ. ‘ಬೆಳಗ್ಗೆ ಸರಿಯಾಗಿತ್ತು, ಮಧ್ಯಾಹ್ನ ಕೈ ಕೊಟ್ಟಿತು.’ ಬಿಚ್ಚಿ ನೋಡಿದರೆ ಒಳಗೆ ಏನೂ ಕೆಟ್ಟಿರುವುದಿಲ್ಲ. ಅದನ್ನು ಇಟ್ಟ ಜಾಗ, ಬಳಸಿದ ರೀತಿ ಸರಿ ಇರುವುದಿಲ್ಲ, ಅಷ್ಟೆ.

ಯಂತ್ರ ಮಾಡುವ ಕೆಲಸ ಸರಳ. ಮೇಲಿನ ಹಾಪರ್‌ಗೆ ಮದ್ದು ಸುರಿಯುತ್ತೀರಿ. ಬೇಕಾದ ತೂಕವನ್ನು ಕೀ ಒತ್ತಿ ಹೇಳುತ್ತೀರಿ. ಒಳಗೆ ತಿರುಪಿನಂಥ ಗೀರುಗಳಿರುವ ಒಂದು ಕೊಳವೆ ಇದೆ. ಮೋಟಾರ್ ಅದನ್ನು ತಿರುಗಿಸಿದಾಗ ಮದ್ದು ಮುಂದೆ ಸರಿದು ತಟ್ಟೆಗೆ ಬೀಳುತ್ತದೆ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ, ಕೊನೆಗೆ ಒಂದೊಂದೇ ಕಾಳು. ತೂಕ ಮುಟ್ಟಿದಾಗ ‘ಬೀಪ್’ ಅನ್ನುತ್ತದೆ.

ಆ ಬೀಪ್ ಕೇಳಿದ ತಕ್ಷಣ ಮನಸ್ಸು ನಿರಾಳವಾಗುತ್ತದೆ, ಅಲ್ವಾ? ನನ್ನ ತಕರಾರು ಅಲ್ಲೇ ಶುರುವಾಗುವುದು. ನೀವು ಹೇಳಿದ ಅಂಕಿಯನ್ನು ನಾನು ಮುಟ್ಟಿದ್ದೇನೆ ಅಂತ ಮಾತ್ರ ಯಂತ್ರ ಹೇಳುತ್ತಿದೆ. ಆ ಅಂಕಿ ಸರಿಯಾ, ಹಾಪರ್‌ನಲ್ಲಿರುವುದು ಅದೇ ಮದ್ದಾ, ತಟ್ಟೆಯ ಕೆಳಗಿನ ಸೊನ್ನೆ ಇನ್ನೂ ಸೊನ್ನೆಯಾಗಿಯೇ ಉಳಿದಿದೆಯಾ? ಈ ಮೂರೂ ಅದಕ್ಕೆ ಗೊತ್ತಾಗುವುದಿಲ್ಲ. ನೀವೇ ನೋಡಿಕೊಳ್ಳಬೇಕು.

ಮೊದಲು ಅಳತೆಯ ಮಾತು. ಇಲ್ಲಿ ತೂಕ ಗ್ರೇನ್ ಲೆಕ್ಕದಲ್ಲಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ಗ್ರೇನ್ ಅಂದರೆ ಕಾಳು, ಆದರೆ ಇಲ್ಲಿ ಅದು ತೂಕದ ಅಳತೆ. ಒಂದು ಗ್ರಾಂಗೆ 15.43 ಗ್ರೇನ್, ಒಂದು ಪೌಂಡ್‌ಗೆ 7000. ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಮನೆಬಳಕೆಯ ಡಿಸ್ಪೆನ್ಸರ್‌ಗಳು ಸಾಮಾನ್ಯವಾಗಿ 0.1 ಗ್ರೇನ್ ಹೆಚ್ಚುಕಮ್ಮಿ ಒಳಗೆ ತೂಗುತ್ತೇವೆ ಎನ್ನುತ್ತವೆ. ಅದು ಆರೂವರೆ ಮಿಲಿಗ್ರಾಂ. ಕಡ್ಡಿಯಂತೆ ಉದ್ದನೆಯ ಕಾಳುಗಳಿರುವ ರೈಫಲ್ ಮದ್ದಿನಲ್ಲಿ ನಾಲ್ಕೈದು ಕಾಳು ಇರಬಹುದು.

ಈ 0.1 ಎಲ್ಲರಿಗೂ ಒಂದೇ ಅಲ್ಲ. 40 ಗ್ರೇನ್ ಹಿಡಿಯುವ ರೈಫಲ್ ಕೇಸ್‌ನಲ್ಲಿ, ಅಂದರೆ ಕಾಡತೂಸಿನ ಲೋಹದ ಕೋಶದಲ್ಲಿ, ಅದು ಶೇಕಡಾ 0.25. 4 ಗ್ರೇನ್ ಹಿಡಿಯುವ ಪಿಸ್ತೂಲ್ ಕೇಸ್‌ನಲ್ಲಿ ಶೇಕಡಾ 2.5. ಅದೇ ಯಂತ್ರ, ಅದೇ ತಪ್ಪು, ಹತ್ತು ಪಟ್ಟು ಪರಿಣಾಮ. ಅದಕ್ಕೇ ಸಣ್ಣ ಪಿಸ್ತೂಲ್ ಚಾರ್ಜ್‌ಗಳಿಗೆ, ಅಂದರೆ ಒಂದು ಕೇಸ್‌ಗೆ ಹಾಕುವಷ್ಟು ಮದ್ದಿಗೆ, ಪುಡಿಯನ್ನು ಗಾತ್ರದ ಮೇಲೆ ಅಳೆಯುವ ಒಳ್ಳೆಯ ಡ್ರಮ್ ಮಾದರಿಯ ಸಾಧನವೇ ವಾಸಿ ಅಂತ ನಾನು ಹೇಳುತ್ತೇನೆ. ಸಣ್ಣ ಗುಂಡನೆಯ ಮದ್ದು ಅದರಲ್ಲಿ ನೀರಿನಂತೆ ಹರಿಯುತ್ತದೆ, ಕೆಲಸವೂ ಬೇಗ ಆಗುತ್ತದೆ. ಎಲೆಕ್ಟ್ರಾನಿಕ್ ಡಿಸ್ಪೆನ್ಸರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಕಡ್ಡಿ ಮದ್ದಿಗೆ. ಆ ಕಾಳುಗಳು ಡ್ರಮ್‌ನಲ್ಲಿ ಸಿಕ್ಕಿಕೊಂಡು ಕತ್ತರಿಸಿ ಹೋಗುತ್ತವೆ, ಅಳತೆ ಪ್ರತಿ ಸಲ ಬೇರೆ ಬರುತ್ತದೆ.

ಈಗ ಯಂತ್ರದ ಹೊಟ್ಟೆಯೊಳಗೆ ನೋಡೋಣ. ತಟ್ಟೆಯ ಕೆಳಗೆ ಲೋಡ್ ಸೆಲ್ ಅನ್ನುವ ಒಂದು ಲೋಹದ ಪಟ್ಟಿ ಇರುತ್ತದೆ. ತೂಕ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೇಲೆ ಅಂಟಿಸಿದ ತೆಳು ತಂತಿಯ ಜಾಲ ಆಗ ಹಿಗ್ಗುತ್ತದೆ, ಅದರ ವಿದ್ಯುತ್ ಪ್ರತಿರೋಧ ಬದಲಾಗುತ್ತದೆ. ಆ ಬದಲಾವಣೆಯೇ ಪರದೆಯ ಮೇಲಿನ ಅಂಕಿ. ತೊಂದರೆ ಏನೆಂದರೆ, ಬಿಸಿಗೂ ಲೋಹ ಹಿಗ್ಗುತ್ತದೆ. ಸ್ವಿಚ್ ಹಾಕಿದ ಮೇಲೆ ಒಳಗಿನ ಸರ್ಕ್ಯೂಟ್ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋಗುತ್ತದೆ, ಅಂಕಿಯೂ ಸರಿಯುತ್ತಾ ಹೋಗುತ್ತದೆ. ಅದಕ್ಕೇ ಅರ್ಧ ಗಂಟೆ ಸುಮ್ನೆ ಆನ್ ಮಾಡಿ ಬಿಡಿ. ಆಮೇಲೆ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಗೊತ್ತಿರುವ ತೂಕದ ಬಟ್ಟು ಇಟ್ಟು ಅಂಕಿ ಹೊಂದಿಸಿ. ತಣ್ಣಗಿರುವಾಗಲೇ ಮಾಡಿದರೆ, ಬೆಚ್ಚಗಾದ ಮೇಲೆ ಇಡೀ ಲೆಕ್ಕ ಪಕ್ಕಕ್ಕೆ ಸರಿದಿರುತ್ತದೆ. ಬೆಳಗ್ಗೆ ಸರಿ, ಮಧ್ಯಾಹ್ನ ತಪ್ಪು ಅನ್ನುವ ದೂರು ಬಹುಪಾಲು ಇಲ್ಲಿಂದಲೇ ಬರುತ್ತದೆ.

ಉಳಿದ ದೂರುಗಳು ಗಾಳಿಯಿಂದ ಬರುತ್ತವೆ. ಒಬ್ಬರು ಮೂರು ಸಲ ಯಂತ್ರ ತಂದರು. ಮೂರು ಸಲವೂ ನನ್ನ ಮೇಜಿನ ಮೇಲೆ ಅದು ಅಲುಗಾಡದೆ ನಿಂತಿತು. ಕೊನೆಗೆ ನಾನೇ ಅವರ ಕೋಣೆಗೆ ಹೋಗಿ ಪಕ್ಕದಲ್ಲಿ ಕುಳಿತೆ. ಖಾಲಿ ತಟ್ಟೆ ಇಟ್ಟು ಇಬ್ಬರೂ ಪರದೆ ನೋಡುತ್ತಿದ್ದೆವು. 0.0. ಸ್ವಲ್ಪ ಹೊತ್ತಿಗೆ 0.1. ಮತ್ತೆ 0.0. ತಲೆಯ ಮೇಲಿನ ಏಸಿ ಗುರ್ ಅಂತ ಶುರುವಾಯಿತು. ಮೈನಸ್ 0.2. ಏಸಿ ಆಫ್ ಮಾಡಿದೆವು, ಅಂಕಿ ಸೊನ್ನೆಗೆ ಬಂದು ಕೂತಿತು. ತಟ್ಟೆಯನ್ನು ಮುಚ್ಚುವ ಪ್ಲಾಸ್ಟಿಕ್ ಬಾಗಿಲನ್ನು ಅವರು ‘ಅಡ್ಡ ಬರುತ್ತೆ’ ಅಂತ ಕಿತ್ತಿಟ್ಟಿದ್ದರು! ದಯವಿಟ್ಟು ಅದನ್ನು ತೆಗೆಯಬೇಡಿ. ಮೊಬೈಲ್ ಫೋನನ್ನೂ ಯಂತ್ರದ ಪಕ್ಕ ಇಡಬೇಡಿ, ಅದರ ರೇಡಿಯೋ ಅಲೆಗಳು ಅಂಕಿಯನ್ನು ಕುಣಿಸಬಹುದು. ಮೇಜು ಸಮತಟ್ಟಾಗಿರಲಿ, ಗಟ್ಟಿಯಾಗಿರಲಿ. ಒಣ ಹವೆಯಲ್ಲಿ ಪ್ಲಾಸ್ಟಿಕ್ ಹಾಪರ್‌ಗೆ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಹಿಡಿದು ಕಾಳುಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಸ್ಟ್ಯಾಟಿಕ್ ತೆಗೆಯುವ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು.

ಕ್ಯಾಲಿಬ್ರೇಷನ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಯಂತ್ರದ ಜೊತೆ ಕೊಡುವ ಬಟ್ಟು ಅನೇಕ ಸಲ 50 ಗ್ರಾಂನದ್ದು. ಗ್ರೇನ್ ಲೆಕ್ಕದಲ್ಲಿ ಅದು 771.6. ನೀವು ತೂಗುವುದು 40 ಗ್ರೇನ್, ಅಂದರೆ 2.6 ಗ್ರಾಂ. ದೊಡ್ಡ ತೂಕ ಸರಿ ತೋರಿಸಿದ ಮಾತ್ರಕ್ಕೆ ಸಣ್ಣದೂ ಸರಿ ಅಂತ ನನ್ನ ವೃತ್ತಿಯಲ್ಲಿ ಯಾರೂ ಒಪ್ಪುವುದಿಲ್ಲ. ಒಂದು 2 ಗ್ರಾಂ ಬಟ್ಟು ಕೊಂಡಿಟ್ಟುಕೊಳ್ಳಿ, 30.9 ಗ್ರೇನ್ ತೋರಿಸಬೇಕು. ಪಿಸ್ತೂಲ್‌ಗೆ ತುಂಬುವವರು ಇನ್ನೂ ಚಿಕ್ಕದನ್ನು ಇಟ್ಟುಕೊಳ್ಳಲಿ. ಬಟ್ಟನ್ನು ಬೆರಳಿನಿಂದ ಮುಟ್ಟಬೇಡಿ, ಚಿಮಟದಲ್ಲಿ ಹಿಡಿಯಿರಿ. ಬೆವರು, ಎಣ್ಣೆ ಎಲ್ಲಾ ತೂಕವೇ.

ಇನ್ನೊಂದು ಸುಲಭದ ಪರೀಕ್ಷೆ ಇದೆ, ಖರ್ಚೇ ಇಲ್ಲ. ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡಿ. ತಟ್ಟೆ ಎತ್ತಿ. ಪರದೆ ಒಂದು ಮೈನಸ್ ಅಂಕಿ ತೋರಿಸುತ್ತದೆ, ಮೈನಸ್ 153.4 ಅಂತಿಟ್ಟುಕೊಳ್ಳಿ. ಅದನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ. ಪ್ರತಿ ಸಲ ಮದ್ದು ಸುರಿಯಲು ತಟ್ಟೆ ಎತ್ತುತ್ತೀರಲ್ಲ, ಆಗ ಕಣ್ಣು ಆ ಅಂಕಿಯ ಮೇಲೆ ಹೋಗಲಿ. 153.4 ಇದ್ದದ್ದು 153.1 ಆದರೆ ಸೊನ್ನೆ ಸರಿದಿದೆ, ಇಲ್ಲವೇ ತಟ್ಟೆಯಡಿ ಕೆಲವು ಕಾಳು ಸೇರಿಕೊಂಡಿವೆ. ನಿಲ್ಲಿಸಿ, ಸ್ವಚ್ಛ ಮಾಡಿ, ಮತ್ತೆ ಸೊನ್ನೆ ಮಾಡಿ.

ಕಡ್ಡಿ ಮದ್ದು ಕೊಳವೆಯ ಬಾಯಲ್ಲಿ ಗುಂಪುಗೂಡಿ ಒಟ್ಟಿಗೆ ಬಿದ್ದು ಅಳತೆ ಮೀರುವುದು ಎಲ್ಲರಿಗೂ ಆಗುತ್ತದೆ. ಜ್ಯೂಸ್ ಕುಡಿಯುವ ಸ್ಟ್ರಾದ ಒಂದು ಸಣ್ಣ ತುಂಡನ್ನು ಕೊಳವೆಯ ತುದಿಯೊಳಗೆ ತೂರಿಸುವ ಉಪಾಯವನ್ನು ಹಳೆಯ ಬಳಕೆದಾರರು ಕಂಡುಕೊಂಡಿದ್ದಾರೆ. ಬಾಯಿ ಚಿಕ್ಕದಾಗುತ್ತದೆ, ಕಾಳುಗಳು ಸಾಲಾಗಿ ಬರುತ್ತವೆ. ಮೀರಿದ ಚಾರ್ಜನ್ನು ‘ಒಂದೆರಡು ಕಾಳು ತಾನೇ’ ಅಂತ ಬಿಡಬೇಡಿ. ಹಾಪರ್‌ಗೆ ವಾಪಸ್ ಸುರಿದು ಮತ್ತೆ ತೂಗಿಸಿ.

ಇಷ್ಟೂ ಯಂತ್ರದ ತಪ್ಪುಗಳು. ಇನ್ನು ಮನುಷ್ಯನ ತಪ್ಪು. ಅದನ್ನು ನಾನೇ ಮಾಡಿದ್ದೇನೆ.

ಒಂದು ಸಂಜೆ ಪಿಸ್ತೂಲ್‌ಗೆ ತುಂಬಲು ಕೂತಿದ್ದೆ. ಯಾವ ಕಾಡತೂಸಿಗೆ ಎಷ್ಟು ಮದ್ದು ಅಂತ ಹೇಳುವ ಪುಸ್ತಕ ನೋಡಿ 4.5 ಅಂತ ಓದಿಕೊಂಡೆ. ಬೆರಳು 5.4 ಒತ್ತಿತು. ಯಂತ್ರ ಶ್ರದ್ಧೆಯಿಂದ 5.4 ತೂಗಿ ಬೀಪ್ ಅಂದಿತು. ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಶೇಕಡಾ 20 ಹೆಚ್ಚು ಮದ್ದು, ಅತ್ಯಂತ ನಿಖರವಾಗಿ! ಬೇಗ ಉರಿಯುವ ಪಿಸ್ತೂಲ್ ಮದ್ದಿನಲ್ಲಿ ಅಷ್ಟು ಹೆಚ್ಚಾದರೆ ಒತ್ತಡ ಅದೇ ಲೆಕ್ಕದಲ್ಲಿ ಏರುವುದಿಲ್ಲ, ಅದಕ್ಕಿಂತ ಕಡಿದಾಗಿ ಏರುತ್ತದೆ. ಕೋವಿ ಒಡೆಯಬಹುದು, ಹಿಡಿದ ಕೈ ಇರುವುದು ಅದರ ಪಕ್ಕದಲ್ಲೇ. ನನ್ನನ್ನು ಉಳಿಸಿದ್ದು ಹಳೆಯ ಬೀಮ್ ತಕ್ಕಡಿ, ಅಂದರೆ ಅಡ್ಡ ಕಡ್ಡಿಯ ಮೇಲೆ ತೂಕ ಸರಿಸಿ ಹೊಂದಿಸುವ ತಕ್ಕಡಿ. ಮೊದಲ ಚಾರ್ಜನ್ನು ಅದರಲ್ಲಿಟ್ಟಾಗ ತಕ್ಕಡಿಯ ಕಡ್ಡಿ ಮೇಲಕ್ಕೆ ಹೊಡೆದುಕೊಂಡಿತು. ಇಲ್ಲಿ ಗಮನಿಸಬೇಕಾದ್ದು, ಬೀಮ್ ತಕ್ಕಡಿಯನ್ನು ನಾನು ಪುಸ್ತಕ ನೋಡಿ ಹೊಂದಿಸಿದ್ದೆ. ಯಂತ್ರದ ಪರದೆ ನೋಡಿ ಹೊಂದಿಸಿದ್ದರೆ ಅದೇ ತಪ್ಪನ್ನು ಎರಡನೇ ಸಲ ಬರೆದುಕೊಂಡಂತೆ ಆಗುತ್ತಿತ್ತು. ಎರಡನೇ ತಕ್ಕಡಿಗೆ ಅಂಕಿಯನ್ನು ಯಾವಾಗಲೂ ಪುಸ್ತಕದಿಂದಲೇ ತನ್ನಿ. ಹಾಗೆಯೇ ಪುಸ್ತಕದ ಗರಿಷ್ಠ ಅಂಕಿಯಿಂದ ಶುರು ಮಾಡಬೇಡಿ. ಅದರಲ್ಲೇ ಕೊಟ್ಟಿರುವ ಆರಂಭದ ಅಂಕಿಯಿಂದ ಮೇಲೆ ಬನ್ನಿ. ಮತ್ತು ಯಂತ್ರ ಗ್ರೇನ್‌ನಲ್ಲಿದೆಯೋ ಗ್ರಾಂನಲ್ಲಿದೆಯೋ ಅಂತ ಪ್ರತಿ ಸಲ ನೋಡಿ. ಬಟನ್ ಅರಿವಿಲ್ಲದೆ ಒತ್ತಿ ಹೋಗುತ್ತದೆ.

ಬೀಪ್ ಕೇಳಿ ಕೇಳಿ ಕೈ ತಾನಾಗಿ ಓಡುತ್ತದೆ. ಆಗ ಒಂದು ಕೇಸ್‌ಗೆ ಎರಡು ಸಲ ಸುರಿಯುವುದು, ಇನ್ನೊಂದಕ್ಕೆ ಸುರಿಯದೇ ಬಿಡುವುದು ನಡೆಯುತ್ತದೆ. ರೈಫಲ್ ಕೇಸ್‌ನಲ್ಲಿ ಎರಡನೇ ಸಲ ಸುರಿದರೆ ಸಾಮಾನ್ಯವಾಗಿ ಉಕ್ಕಿ ಚೆಲ್ಲುತ್ತದೆ, ಗೊತ್ತಾಗುತ್ತದೆ. ಪಿಸ್ತೂಲ್ ಕೇಸ್‌ನಲ್ಲಿ ಎರಡು ಪಟ್ಟು ಮದ್ದು ಸದ್ದಿಲ್ಲದೆ ಹಿಡಿಸುತ್ತದೆ. ಖಾಲಿ ಬಿಟ್ಟದ್ದೂ ಅಷ್ಟೇ ಅಪಾಯ. ಮದ್ದಿಗೆ ಬೆಂಕಿ ಹಚ್ಚಲು ಕೇಸ್‌ನ ಬುಡದಲ್ಲಿರುವ ಪ್ರೈಮರ್ ಒಂದೇ ಸಿಡಿದು ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ನಿಲ್ಲಿಸಬಹುದು. ಅದರ ಹಿಂದೆ ಮುಂದಿನ ಗುಂಡು ಹೊಡೆದರೆ ನಳಿಗೆ ಸೀಳಬಹುದು. ಕೇಸ್‌ಗಳನ್ನು ಮರದ ಬ್ಲಾಕ್‌ನಲ್ಲಿ ಸಾಲಾಗಿ ನಿಲ್ಲಿಸಿ. ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಪ್ರತಿಯೊಂದರೊಳಗೂ ನೋಡಿ. ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಎತ್ತರಕ್ಕೆ ಕಾಣಬೇಕು.

ಕಪ್ಪು ಮದ್ದನ್ನು, ಅಂದರೆ ಹಳೆಯ ಕಾಲದ ಬ್ಲ್ಯಾಕ್ ಪೌಡರನ್ನು, ಈ ಯಂತ್ರಕ್ಕೆ ಎಂದೂ ಹಾಕಬಾರದು. ಅದು ಕಿಡಿಗೆ ತಕ್ಷಣ ಹೊತ್ತಿಕೊಳ್ಳುತ್ತದೆ. ಯಂತ್ರ ಇರುವುದು ಹೊಗೆರಹಿತ ಮದ್ದಿಗೆ ಮಾತ್ರ.

ಕೊನೆಯದು ಹಾಪರ್. ಕೆಲಸ ಮುಗಿದ ಮೇಲೆ ಮದ್ದನ್ನು ಅದರಲ್ಲೇ ಬಿಡುವ ಅಭ್ಯಾಸ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಗಾಳಿಯ ತೇವಕ್ಕೆ ತಕ್ಕಂತೆ ಮದ್ದು ತೇವ ಹೀರುತ್ತದೆ ಅಥವಾ ಒಣಗುತ್ತದೆ, ಉರಿಯುವ ವೇಗ ಬದಲಾಗುತ್ತದೆ. ನೈಟ್ರೋಗ್ಲಿಸರಿನ್ ಇರುವ ಮದ್ದು ಪ್ಲಾಸ್ಟಿಕ್ ಅನ್ನು ತಿಂದು ಮಂಜಾಗಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ವಾರದ ನಂತರ ಕೂತಾಗ ಒಳಗಿರುವುದು ಯಾವುದು ಅಂತ ನೆನಪಿರುವುದಿಲ್ಲ. ನಿಧಾನಕ್ಕೆ ಉರಿಯುವುದೂ ಬೇಗ ಉರಿಯುವುದೂ ನೋಡಲು ಒಂದೇ ಬೂದುಕಪ್ಪು. ಅನುಮಾನ ಬಂದ ಮದ್ದನ್ನು ಬಳಸಬೇಡಿ. ಯಾವುದೇ ಡಬ್ಬಿಗೂ ವಾಪಸ್ ಸುರಿಯಬೇಡಿ.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಲಿ. ಅದು ಹಾಪರ್ ಪಕ್ಕದಲ್ಲೇ, ಲೇಬಲ್ ನಿಮ್ಮ ಕಡೆ ಮುಖ ಮಾಡಿ ನಿಂತಿರಲಿ. ಮುಗಿದ ಮೇಲೆ ಬುಡದ ಬಾಗಿಲು ತೆಗೆದು ಅದೇ ಡಬ್ಬಿಗೆ ಖಾಲಿ ಮಾಡಿ. ಆಮೇಲೂ ಕೊಳವೆಯ ಗೀರುಗಳಲ್ಲಿ ಒಂದಿಷ್ಟು ಉಳಿದಿರುತ್ತದೆ. ಮೋಟಾರ್ ಅರ್ಧ ನಿಮಿಷ ಓಡಿಸಿ, ಮೃದುವಾದ ಬ್ರಷ್‌ನಿಂದ ಮೂಲೆಗಳನ್ನು ಗುಡಿಸಿ, ಯಂತ್ರವನ್ನು ಸ್ವಲ್ಪ ವಾಲಿಸಿ ಬೆರಳಿನಿಂದ ಮೆಲ್ಲಗೆ ತಟ್ಟಿ. ಟಪ್ ಟಪ್ ಅಂತ ಇನ್ನೂ ಮೂರ್ನಾಲ್ಕು ಕಾಳು ಬೀಳುತ್ತವೆ. ಅವೂ ನಿಂತ ಮೇಲೆ ಸ್ವಿಚ್ ಆಫ್ ಮಾಡಿ.